ದಾರಿ ಕೇಳಿದವರಿಗೆ

ನೀರು ಕುಡಿಯಿರಿ ಮೊದಲು. ಈ ನಲ್ಲಿಯ ನೀರಿಗೆ
ಬೇಸಿಗೆಯಲ್ಲೂ ಹಲ್ಲು ಜುಮ್ಮೆನ್ನುತ್ತದೆ.
ಸೈಕಲ್ಲು ಗೋಡೆಗೆ ಒರಗಿಸಿ, ಆದರೆ ಜೋಪಾನ:
ಲಾವಾ ಕಲ್ಲಿನ ಗೋಡೆ,
ಗೀರು ಬಿದ್ದರೆ ನಿಮ್ಮ ಬಣ್ಣಕ್ಕೇ.

ಆ ಫೋನು ಒಳಗಿಡಿ.
ಅದರಲ್ಲಿ ಗೆರೆ ಎಳೆದವನು
ಮಳೆ ಬಂದ ಮರುದಿನ ಇಲ್ಲಿಗೆ ಬಂದವನಲ್ಲ.

ಹಳೆಯ ಸ್ಟೇಷನ್ನಿನ ಬೆನ್ನಿಗೆ ಹಾದಿ ಹಿಡಿಯಿರಿ.
ನಮ್ಮ ಮದುವೆಯ ವರ್ಷವೇ ರೈಲು ನಿಂತಿತು.
ಹಳಿ ಗುಜರಿಗೆ ಹೋಯಿತು,
ಗಡಿಯಾರ ಯಾರದೋ ಅಡುಗೆಮನೆಗೆ.
ಯಾರೂ ಕದಿಯಲಾಗದೆ ಉಳಿದದ್ದು ಆ ಏರು ಒಂದೇ,
ಪುಟ್ಟ ಎಂಜಿನ್ನಿಗೆ ದಮ್ಮು ಕಟ್ಟದಂತೆ
ಇಷ್ಟಿಷ್ಟೇ, ಇಷ್ಟಿಷ್ಟೇ ಎತ್ತಿದ ನೆಲ.
ನಿಮ್ಮ ಮೊಣಕಾಲಿಗೆ ಅದರ ಋಣವಿದೆ.

ಅಲ್ಲಿಂದಾಚೆ ಕಾರಿಲ್ಲ.
ಸುಳ್ಳೇಕೆ, ಒಂದು ಟ್ರಾಕ್ಟರಿದೆ, ರೊಜೆಲಿಯದು,
ಶನಿವಾರ ಬಕ್‌ವೀಟ್ ಹೊಲದಿಂದ ಬರುತ್ತದೆ,
ಪಕ್ಕದಲ್ಲಿ ಕುಂಟು ನಾಯಿ.
ನಾಯಿಗೆ ದಾರಿ ಬಿಡಿ. ರೊಜೆಲಿ ಕಾಯುತ್ತಾನೆ.

ಆಮೇಲೆ ಬೀಚ್ ಮರಗಳು. ಮಂಜು ಇದ್ದರೆ
ನಿಮ್ಮ ಗಾಲಿಯೇ ನಿಮಗೆ ಕಾಣದು, ಸದ್ದು ನಂಬಿ:
ಒಣ ರೊಟ್ಟಿ ಮುರಿದಂತೆ ಕೇಳಿದರೆ ಹಾದಿಯ ಮೇಲಿದ್ದೀರಿ,
ಮೆತ್ತಗಾದರೆ ಎಲೆ,
ಏನೂ ಕೇಳದಿದ್ದರೆ
ಬ್ರೇಕು.

ನಮ್ಮ ಸೀಮೆಯ ಹೆಸರು ಗರೊಚಾ. ಎಂದರೆ
ಕಾಲಿಗೆ ಒಗ್ಗದ ನೆಲ.
ಹೆಸರಿಟ್ಟವರ ಕಾಲಕ್ಕೆ ಟೈರಿರಲಿಲ್ಲ.

ಕಾಡು ಮುಗಿದೊಡನೆ ಎಡಗಡೆ ಒಂದು ಗುಡ್ಡ.
ಗುಡ್ಡವೆಂದೆ, ಜ್ವಾಲಾಮುಖಿ. ಸತ್ತಿಲ್ಲ, ನಿದ್ದೆಯಂತೆ.
ನೆತ್ತಿಯಿಂದ ಬುಡದವರೆಗೆ
ಕುಂಬಳಕ್ಕೆ ಕತ್ತಿ ಹಾಕಿದ ಹಾಗೆ ಸೀಳಿದೆ.
ಒಳಗೆ ಕಪ್ಪು, ಕೆಂಪು, ತುಕ್ಕು, ಮತ್ತೆ ಕಪ್ಪು.
ಶಾಲೆಯ ಮಕ್ಕಳು ಸಾಲಾಗಿ ಬಂದು
ಭೂಮಿಯ ಹೊಟ್ಟೆ ನೋಡಿ ಬಾಯಿ ಬಿಡುತ್ತಾರೆ.
ಸೀಳಿದವನು ನಾನು.
ನಾನು ಮತ್ತು ಗಲ್ದ್ರಿಕ್, ಒಂದೇ ಪಾಳಿ, ಹದಿನೆಂಟು ವರ್ಷ,
ಟನ್ನಿಗೆ ಇಷ್ಟು ಎಂದು.

ಒಂದು ಬೆಳಿಗ್ಗೆ ಲಾರಿಗೆ ಅಡ್ಡವಾಗಿ ಜನ ಮಲಗಿದ್ದರು.
ಹನ್ನೊಂದು ಜನ. ಏಳನೆಯವಳು ಎಲ್ವಿರಾ,
ಆರು ಗಂಟೆಗೆ ನನಗೆ ಬುತ್ತಿ ಕಟ್ಟಿಕೊಟ್ಟವಳು.
ಹಾರನ್ ಹೊಡೆದೆ.
ಅವಳು ಕಣ್ಣು ಕೂಡ ತೆರೆಯಲಿಲ್ಲ.
ಇನ್ನೊಮ್ಮೆ ಹೊಡೆದೆ, ಉದ್ದಕ್ಕೆ.
ಮಗ್ಗುಲು ಬದಲಿಸಿದಳು.
ಎಂಜಿನ್ ಆರಿಸಿ ಕೆಳಗಿಳಿದು
ಬುತ್ತಿ ಬಿಚ್ಚಿದೆ. ಬಿಳಿ ಬೀನ್ಸು, ಸುಟ್ಟ ಸಾಸೇಜು.
ಇಬ್ಬರೂ ತಿಂದೆವು. ಅವಳು ಮಲಗಿಕೊಂಡೇ.

ಕ್ವಾರಿ ಮುಚ್ಚಿತು; ಅದರ ಕಥೆ ಉದ್ದ, ನಿಮಗೆ ಕತ್ತಲಾದೀತು.
ಮಿಕ್ಕ ಜಲ್ಲಿಯನ್ನು ತಂದು
ಹಳಿ ಕಿತ್ತ ಜಾಗಕ್ಕೆ ಸುರಿದವನೂ ನಾನೇ.
ಒಂದು ಹರಳು ಎತ್ತಿ ನೋಡಿ:
ತೂಕಕ್ಕಿಂತ ತೂತೇ ಹೆಚ್ಚು.
ಗುಡ್ಡ ಕೊನೆಯ ಸಲ ಕೆಮ್ಮಿದಾಗಿನ ಗಾಳಿ
ಒಳಗೆ ಇನ್ನೂ ಇದೆಯೋ ಏನೋ,
ನೀವು ತುಳಿದಾಗ ಚೂರೇ ಚೂರು ಹೊರಗೆ ಬರುತ್ತದೋ ಏನೋ.
ಬಂದರೆ ಬರಲಿ.

ಹೊರಡಿ ಇನ್ನು. ದೀಪ ಇದೆಯೇ?
ಸೇತುವೆ ದಾಟಿದ ಮೇಲೆ ಒಂದು ನೀಲಿ ಸೈಕಲ್ಲು ಸಿಗುತ್ತದೆ,
ಬುಟ್ಟಿಯಲ್ಲಿ ಅಣಬೆ,
ಸೀಟಿನ ಮೇಲೆ ಎಪ್ಪತ್ತೇಳು ವರ್ಷದ ಹೆಂಗಸು,
ಹಾದಿಯ ನಟ್ಟನಡುವೆ, ನಿಧಾನ.
ಗಂಟೆ ಬಾರಿಸಬೇಡಿ.
ಪ್ರಯೋಜನವಿಲ್ಲ, ನಾನು ಕಂಡಿದ್ದೇನೆ.
ಹಿಂದೆಯೇ ಹೋಗಿ.